ಹಳ್ಳಿಯ ಹೋಟಲು: ಬೆಂಚೂ ಲೋಟವೂ

ಇತ್ತೀಚಿನ ವರ್ಷಗಳಲ್ಲಿ ವಿದ್ಯಾವಂತರಾದ ನಗರವಾಸಿಗಳಿಗೆ ಹಳ್ಳಿಯ ಹೋಟಲಿನ ಮೇಲೆ ಒಂದು ಹೊಸ ಪ್ರೇಮವು ಅಂಕುರಿಸಿದೆ. ಕಾರಿನಲ್ಲಿ ಹೋಗತಕ್ಕವರು ದಾರಿಯ ಬದಿಯಲ್ಲಿ ಒಂದು ಹೆಂಚಿನ ಮಾಡನ್ನೂ ಹೊಗೆ ಹಿಡಿದ ಗೋಡೆಯನ್ನೂ ಕಂಡರೆ ಸಾಕು, ಇಳಿದು ಚಿತ್ರ ತೆಗೆದುಕೊಂಡು, ಬಾಳೆಯೆಲೆಯ ಮೇಲೆ ಎರಡು ಇಡ್ಲಿಗಳನ್ನು ತಿಂದು, "ಇದಲ್ಲವೇ ನಿಜವಾದ ಹೋಟಲು!" ಎಂದು ಉದ್ಗರಿಸಿ ಮುಂದಕ್ಕೆ ಸಾಗುವರು. ಈ ಪ್ರೇಮದ ಜಾಡನ್ನು ಹಿಡಿದೇ ಹೆದ್ದಾರಿಗಳ ಇಕ್ಕೆಲಗಳಲ್ಲಿ ಹಳ್ಳಿಯ ವೇಷ ತೊಟ್ಟ ದೊಡ್ಡ ದೊಡ್ಡ ಉಪಾಹಾರಗೃಹಗಳು ತಲೆಯೆತ್ತಿವೆ. ಬಾಗಿಲಲ್ಲಿ ಒಂದು ಎತ್ತಿನ ಗಾಡಿ, ಗೋಡೆಯ ಮೇಲೆ ಮೊರ ಒನಕೆಗಳು, ಮಾಣಿಗಳಿಗೆ ಪಂಚೆ ರುಮಾಲು. ಗಾಡಿಗೆ ಎತ್ತಿಲ್ಲ, ಒನಕೆಗೆ ಒರಳಿಲ್ಲ. ಪಕ್ಕದ ಹಳ್ಳಿಯ ರೈತನಿಗೆ ಅಲ್ಲಿನ ಒಂದು ಲೋಟ ಕಾಫಿಯ ಕ್ರಯವನ್ನು ವಿಚಾರಿಸುವ ಧೈರ್ಯವೂ ಇಲ್ಲ.

ಇಂಥ ವೇಷದ ಹೋಟಲುಗಳನ್ನು ಹಳಿಯುವುದು ಸುಲಭವಾದ ಕೆಲಸ. ಅದನ್ನು ಬಲ್ಲವರು ಬಹಳ ಮಂದಿ ಮಾಡಿಯೂ ಇದ್ದಾರೆ. ಆದರೆ ವೇಷವನ್ನು ಹಳಿದು ನಿಜವನ್ನು ಕೊಂಡಾಡತಕ್ಕ ರಸಿಕರಿಗೂ ಒಂದು ಪ್ರಶ್ನೆಯನ್ನು ಹಾಕಬೇಕಾಗಿದೆ. ಒಳ್ಳೆಯ ಹಳ್ಳಿಯ ಹೋಟಲು ಎಂದರೇನು? ಕೇಳಿದರೆ ಅವರು ಇಡ್ಲಿಯ ಮಾರ್ದವವನ್ನು ವರ್ಣಿಸುವರು, ಚಟ್ನಿಯ ಖಾರವನ್ನು ವರ್ಣಿಸುವರು, ಸೌದೆಯ ಒಲೆಯ ಮಹಿಮೆಯನ್ನು ಹೇಳುವರು. ರುಚಿಯು ಬೇಡವೆಂದು ಯಾರೂ ಹೇಳಲಾರರು. ಆದರೆ ಒಂದು ಹೋಟಲು ಊರಿಗೆ ಸಲ್ಲುವುದೋ ಇಲ್ಲವೋ ಎಂಬುದನ್ನು ಅಡಿಗೆಯ ಮನೆಯಲ್ಲಿ ನಿಂತು ನಿರ್ಣಯಿಸಲಾಗದು. ಹೊರಗೆ ಹಾಕಿರುವ ಬೆಂಚನ್ನು ನೋಡಬೇಕು. ಅದರ ಮೇಲೆ ಊರಿನವರಲ್ಲಿ ಯಾರು ಯಾರು ಕುಳಿತಿದ್ದಾರೆ, ಯಾರು ನಿಂತಿದ್ದಾರೆ, ಯಾರು ಬಂದೇ ಇಲ್ಲ ಎಂಬುದನ್ನು ನೋಡಬೇಕು. ಅನಂತರ ಕೈಗಳಲ್ಲಿರುವ ಲೋಟಗಳನ್ನು ನೋಡಬೇಕು.

ಬಯಲುಸೀಮೆಯ ಯಾವುದಾದರೊಂದು ಹೋಬಳಿಯ ಊರನ್ನು ತೆಗೆದುಕೊಳ್ಳಬಹುದು. ಬೆಳಗಿನ ಮೊದಲ ಬಸ್ಸು ಬರುವುದಕ್ಕೆ ಮುಂಚೆಯೇ ಅಲ್ಲಿನ ಹೋಟಲಿನಲ್ಲಿ ಒಲೆ ಹೊತ್ತಿರುತ್ತದೆ. ಡೈರಿಗೆ ಹಾಲು ಹಾಕಿ ಬಂದವರು, ರಾತ್ರಿಯೆಲ್ಲ ಕರೆಂಟಿಗಾಗಿ ಕಾದು ತೋಟಕ್ಕೆ ನೀರು ಹಾಯಿಸಿ ಬಂದವರು, ಕೂಲಿಗೆ ಹೊರಟವರು, ಕೂಲಿಯವರನ್ನು ಹುಡುಕಿಕೊಂಡು ಬಂದವರು, ಎಲ್ಲರೂ ಕೂಡುವುದು ಅಲ್ಲಿಯೇ. ಟೊಮೇಟೋವಿನ ಧಾರಣೆಯು ನಿನ್ನೆ ಎಷ್ಟಾಯಿತು, ಪಹಣಿಯ ತಿದ್ದುಪಡಿಗೆ ಯಾರನ್ನು ಕಾಣಬೇಕು, ಯಾರ ಮನೆಯ ಹಸು ಮಾರಾಟಕ್ಕಿದೆ, ಯಾರ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ, ಪಂಚಾಯಿತಿಗೆ ಬಂದ ಹಣ ಎಲ್ಲಿ ಹೋಯಿತು, ಈ ವಿಷಯಗಳೆಲ್ಲವೂ ಒಂದು ಬೈಟೂ ಕಾಫಿಯ ಆಸರೆಯಲ್ಲಿ ಚರ್ಚಿಸಲ್ಪಡುತ್ತವೆ. ಒಂದೇ ಪತ್ರಿಕೆಯು ಹಾಳೆ ಹಾಳೆಯಾಗಿ ಬೇರೆಯಾಗಿ ಐದಾರು ಕೈಗಳನ್ನು ಸುತ್ತಿ, ಸಾಯಂಕಾಲದ ಹೊತ್ತಿಗೆ ಬೋಂಡದ ಎಣ್ಣೆಯನ್ನು ಹೀರಿ ಕೃತಾರ್ಥವಾಗುತ್ತದೆ. ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಕೂಡತಕ್ಕದ್ದೆಂದು ಕಾನೂನು ಹೇಳುತ್ತದೆ. ಈ ಸಭೆಯು ಯಾರ ನೋಟೀಸೂ ಇಲ್ಲದೆ ದಿನಕ್ಕೆ ಎರಡು ಸಲ ಕೂಡುತ್ತದೆ. ಆದಕಾರಣ ಈ ಬೆಂಚಿನ ಮೇಲೆ ಸ್ಥಳವಿಲ್ಲದವನಿಗೆ ತಪ್ಪಿಹೋಗುವುದು ಒಂದು ಲೋಟ ಕಾಫಿ ಮಾತ್ರವಲ್ಲ. ಕೂಲಿಯ ದರವು ಅವನಿಲ್ಲದಾಗ ನಿಶ್ಚಯವಾಗುತ್ತದೆ. ಪಂಚಾಯಿತಿಯ ಮನೆ ಯಾರಿಗೆ ಸಿಕ್ಕಿತೆಂಬುದು ಅವನಿಗೆ ಕಡೆಯಲ್ಲಿ ತಿಳಿಯುತ್ತದೆ.

ನಮ್ಮ ಸೀಮೆಯಲ್ಲಿ ಹೋಟಲು ಎಂಬುದು ಮೊದಲು ಬಂದಾಗ ಅದು ಎಂಥ ಕ್ರಾಂತಿಯಾಗಿತ್ತೆಂಬುದನ್ನು ಇಂದಿನವರು ಮರೆತಿದ್ದಾರೆ. ಅದಕ್ಕೆ ಮುಂಚೆ ದಾರಿಹೋಕನಿಗೆ ಅನ್ನ ಸಿಕ್ಕುತ್ತಿದ್ದುದು ಛತ್ರದಲ್ಲಿ, ಇಲ್ಲವೇ ಸ್ವಜಾತಿಯವರ ಜಗುಲಿಯಲ್ಲಿ. ಹೋಟಲಿನವನಾದರೋ ಗೋತ್ರಸೂತ್ರಗಳನ್ನು ಕೇಳದೆ ಕಾಸನ್ನು ಕೇಳಿದನು. ಅನ್ನವಿಕ್ರಯವೇ ಪಾಪವೆಂದು ಎಣಿಸಿದ್ದ ಮಡಿವಂತರು ಅದನ್ನು ಆಚಾರಭ್ರಷ್ಟರ ಬೀಡೆಂದು ಶಪಿಸಿದರು. ಶಪಿಸಿದವರ ಮಕ್ಕಳು ಹಿತ್ತಿಲ ಬಾಗಿಲಿನಿಂದ ಹೋಗಿ ಮಸಾಲೆದೋಸೆಯನ್ನು ತಿಂದು ಬಂದರು. ಆದರೆ ಜಾತಿಯು ಅಷ್ಟು ಸುಲಭವಾಗಿ ಬಿಟ್ಟುಹೋಗತಕ್ಕದ್ದಲ್ಲ. ಅದು ಹೋಟಲಿನ ಹಲಗೆಯ ಮೇಲೆಯೇ ಹತ್ತಿ ಕುಳಿತಿತು. ಬೆಂಗಳೂರಿನಲ್ಲಿ 1924ರಲ್ಲಿ ಹುಟ್ಟಿ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಲೋಕಪ್ರಸಿದ್ಧವಾದ ಉಪಾಹಾರಗೃಹದ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್ ಎಂದಿತ್ತು. ಆ ಕಾಲಕ್ಕೆ ಅದರಲ್ಲಿ ವಿಶೇಷವೇನೂ ಇಲ್ಲ. ಅಂಥ ಹಲಗೆಗಳು ಊರೂರಿನಲ್ಲಿಯೂ ಇದ್ದವು. ಹಲಗೆಯಿಲ್ಲದ ಹಳ್ಳಿಗಳಲ್ಲಿ ಆ ಕೆಲಸವನ್ನು ಲೋಟವು ಮಾಡಿತು. ಒಳಗಿನವರಿಗೆ ಹಿತ್ತಾಳೆಯ ಲೋಟ, ಅಥವಾ ಉತ್ತರದ ಜಿಲ್ಲೆಗಳಲ್ಲಿ ಕಪ್ಪು ಬಸಿ. ದಲಿತರಿಗೆ ಹೊರಗೆ ಗೂಡಿನಲ್ಲಿ ಬೋರಲು ಹಾಕಿದ ಬೇರೆ ಲೋಟ, ಇಲ್ಲವೇ ತೆಂಗಿನ ಚಿಪ್ಪು. ಕುಡಿದವನೇ ಅದನ್ನು ತೊಳೆದು ಮತ್ತೆ ಗೂಡಿನಲ್ಲಿ ಇಡತಕ್ಕದ್ದು. ಕಾಸನ್ನು ಮಾತ್ರ ಇಬ್ಬರಿಂದಲೂ ಒಂದೇ ಡಬ್ಬಿಗೆ ಹಾಕಿಕೊಳ್ಳಲಾಗುತ್ತಿತ್ತು, ಲೋಹಕ್ಕೆ ಮೈಲಿಗೆಯಿಲ್ಲವಷ್ಟೆ.

1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ ಹದಿನೈದನೆಯ ವಿಧಿಯಲ್ಲಿ ಅಂಗಡಿಗಳನ್ನೂ ಹೋಟಲುಗಳನ್ನೂ ಹೆಸರಿಸಿ, ಅವುಗಳ ಪ್ರವೇಶಕ್ಕೆ ಜಾತಿಯು ಅಡ್ಡಿಯಾಗಕೂಡದೆಂದು ವಿಧಿಸಿತು. ಹದಿನೇಳನೆಯ ವಿಧಿಯು ಅಸ್ಪೃಶ್ಯತೆಯನ್ನೇ ತೊಡೆದುಹಾಕಿತು. 1955ರ ಅಧಿನಿಯಮವು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ಹೋಟಲುಗಳಲ್ಲಿ ಸಾರ್ವಜನಿಕರ ಉಪಯೋಗಕ್ಕಾಗಿ ಇಟ್ಟಿರುವ ಪಾತ್ರೆಗಳ ಬಳಕೆಗೆ ತಡೆಯೊಡ್ಡುವುದನ್ನೇ ಶಿಕ್ಷಾರ್ಹವೆಂದು ಸಾರಿತು. 1976ರ ತಿದ್ದುಪಡಿಯಿಂದ ನಾಗರಿಕ ಹಕ್ಕುಗಳ ಸಂರಕ್ಷಣೆಯ ಅಧಿನಿಯಮವೆಂಬ ಹೆಸರನ್ನು ಪಡೆದ ಆ ಶಾಸನದಲ್ಲಿ ಒಂದು ತಿಂಗಳಿಗೆ ಕಡಮೆಯಿಲ್ಲದ, ಆರು ತಿಂಗಳಿಗೆ ಮೀರದ ಸೆರೆಮನೆಯೂ ಅದರ ಮೇಲೆ ಜುಲ್ಮಾನೆಯೂ ಉಂಟು. ಒಂದು ದೇಶದ ಶಾಸನಸಭೆಯು ಕಾಫಿ ಕುಡಿಯುವ ಲೋಟದ ವಿಷಯದಲ್ಲಿ ಕಾನೂನು ಮಾಡಬೇಕಾಯಿತೆಂದರೆ, ಆ ಲೋಟವು ಎಷ್ಟು ಭಾರವಾದುದೆಂಬುದನ್ನು ವಾಚಕರು ಊಹಿಸಬಹುದು.

"ಇವೆಲ್ಲ ಅಜ್ಜನ ಕಾಲದ ಮಾತು, ಈಗ ಎಲ್ಲಿದೆ?" ಎಂದು ಆಕ್ಷೇಪಿಸುವವರಿದ್ದಾರೆ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಕೇರಿಗೆ ಬೆಂಕಿ ಬಿದ್ದಿತು. ಆ ಊರಿನ ಕ್ಷೌರದಂಗಡಿಯಲ್ಲಿಯೂ ಹೋಟಲಿನಲ್ಲಿಯೂ ದಲಿತರಿಗೆ ಪ್ರವೇಶವಿಲ್ಲವೆಂಬ ತಕರಾರು ಅದರ ಹಿಂದೆ ಇತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ತೀರ್ಪು ಮೇಲಿನ ನ್ಯಾಯಾಲಯದವರೆಗೂ ಹೋಗಿದೆ. ಅಜ್ಜನ ಕಾಲವೆಂಬುದು ಇಷ್ಟು ಸಮೀಪದಲ್ಲಿರುವಾಗ, ಹೊಗೆ ಹಿಡಿದ ಗೋಡೆಯ ಮುಂದೆ ನಿಂತು ಚಿತ್ರ ತೆಗೆಯತಕ್ಕ ರಸಿಕನು ಆ ಗೋಡೆಯ ಹಿಂಭಾಗವನ್ನೂ ಒಮ್ಮೆ ಸುತ್ತಿ ಬರುವುದು ಮೇಲು.

ಈಗ ಬಂದಿರುವ ಕಾಗದದ ಕಪ್ಪು ಈ ವ್ಯಾಧಿಯನ್ನು ವಾಸಿಮಾಡಿತೆಂದು ಕೆಲವರು ಸಂತೋಷಪಡುತ್ತಾರೆ. ಕುಡಿದು ಬಿಸಾಡುವುದಾದ ಮೇಲೆ ನಿನ್ನ ಲೋಟ ನನ್ನ ಲೋಟ ಎಂಬ ಭೇದವೆಲ್ಲಿ, ಎಂಬುದು ಅವರ ವಾದ. ಆದರೆ ಪರಿಚಿತನಾದ ಗೌಡನು ಬಂದೊಡನೆ ಒಳಗಿನಿಂದ ಸ್ಟೀಲಿನ ಲೋಟವು ಹೊರಟು, ಕೇರಿಯವನು ಬಂದರೆ ಕೈಯು ತಾನಾಗಿಯೇ ಕಾಗದದ ಕಪ್ಪಿನ ಕಡೆಗೆ ಹೋಗುವುದಾದರೆ, ಗೂಡಿನ ಲೋಟವು ಎಲ್ಲಿಗೂ ಹೋಗಲಿಲ್ಲ. ವೇಷವನ್ನು ಬದಲಾಯಿಸಿತು, ಅಷ್ಟೆ. ಮೊದಲಾದರೆ ಗೂಡನ್ನು ತೋರಿಸಿ ದೂರು ಕೊಡಬಹುದಾಗಿತ್ತು. ಈಗ ಸಾಕ್ಷ್ಯವು ಕುಡಿದ ಮರುಕ್ಷಣವೇ ಕಸದ ಬುಟ್ಟಿಯನ್ನು ಸೇರುತ್ತದೆ. ಆದುದರಿಂದ ಒಳ್ಳೆಯ ಹೋಟಲಿನಲ್ಲಿ ತೊಳೆದು ಬಳಸುವ ಲೋಟಗಳೇ ಇರತಕ್ಕದ್ದು. ಎಲ್ಲ ಲೋಟಗಳೂ ಒಂದೇ ತೊಟ್ಟಿಗೆ ಬಿದ್ದು, ಒಂದೇ ಬಿಸಿನೀರಿನಲ್ಲಿ ಮುಳುಗಿ, ಕಲೆತುಹೋಗಿ ಮೇಲೆ ಬರತಕ್ಕದ್ದು. ಯಾವುದು ಯಾರು ಕುಡಿದುದು ಎಂದು ಬ್ರಹ್ಮನಿಗೂ ತಿಳಿಯಬಾರದು.

ಹೋಟಲಿನವನು ಬಡವನು, ನಾಲ್ಕು ಮಂದಿ ಬಲಿಷ್ಠ ಗಿರಾಕಿಗಳು ಮುನಿದರೆ ಅವನ ಒಲೆ ಆರುತ್ತದೆ, ಎಂಬ ಮಾತು ನಿಜ. ಆದರೆ ಅದರಿಂದ ಹೊಣೆಯು ಇಲ್ಲವಾಗುವುದಿಲ್ಲ. ಹೋಟಲಿನವನ ಹೆಗಲಿನಿಂದ ಆ ನಾಲ್ವರ ಹೆಗಲಿಗೆ ಹೋಗುತ್ತದೆ. ಅವರಲ್ಲಿ ಅನೇಕರ ಮಕ್ಕಳು ಓದಿ ನಗರದಲ್ಲಿದ್ದಾರೆ, ಜಾತ್ರೆಗೂ ಹಬ್ಬಕ್ಕೂ ಊರಿಗೆ ಬರುತ್ತಾರೆ, ಅದೇ ಬೆಂಚಿನ ಮೇಲೆ ಕುಳಿತು ದೇಶದ ರಾಜಕೀಯವನ್ನು ವಿಮರ್ಶಿಸುತ್ತಾರೆ. "ಅವನಿಗೂ ಇದೇ ಲೋಟದಲ್ಲಿ ಕೊಡಪ್ಪ, ಇಲ್ಲಿ ಬಂದು ಕುಳಿತುಕೋ" ಎಂಬ ಒಂದು ವಾಕ್ಯವನ್ನು ಅವರು ಆಡಿದರೆ ಹೋಟಲಿನವನಿಗೆ ಹತ್ತು ಕಾನೂನುಗಳ ಬಲ ಬಂದಂತಾಗುವುದು. ಆ ವಾಕ್ಯವು ಅಪ್ಪನ ಮುಂದೆ ಬಾಯಿಂದ ಹೊರಡುವುದಿಲ್ಲ. ದೂರದೇಶದ ವರ್ಣಭೇದದ ಮೇಲೆ ಮಾತ್ರ ನಿರರ್ಗಳವಾಗಿ ಹೊರಡುತ್ತದೆ.

ಬೆಂಚಿನ ಮೇಲೆ ಕಾಣದಿರುವ ಇನ್ನೊಂದು ವರ್ಗವೆಂದರೆ ಹೆಂಗಸರು. ಪಟ್ಟಣದ ಹೋಟಲಿನಲ್ಲಿ ಮರದ ತಡಿಕೆಯ ಹಿಂದೆ ಅವರಿಗೊಂದು ಫ್ಯಾಮಿಲಿ ರೂಮು ಇತ್ತು. ಹಳ್ಳಿಯ ಹೋಟಲಿನಲ್ಲಿ ಅದೂ ಇಲ್ಲ. ಹಿಟ್ಟು ರುಬ್ಬುವವಳು, ಪಾತ್ರೆ ತಿಕ್ಕುವವಳು, ಅನೇಕ ಕಡೆಗಳಲ್ಲಿ ಗಲ್ಲದ ಲೆಕ್ಕವನ್ನು ನಿಜವಾಗಿ ಬಲ್ಲವಳು ಹೋಟಲಿನವನ ಹೆಂಡತಿಯೇ ಆದರೂ, ಊರಿನ ಹೆಂಗಸೊಬ್ಬಳು ಬಂದು ಬೆಂಚಿನ ಮೇಲೆ ಕುಳಿತು ಕಾಫಿ ಕುಡಿದರೆ ಅದು ವಾರವೆಲ್ಲ ಮಾತಾಗುವುದು. ಗಾರೆಯ ಕೆಲಸದಿಂದಲೋ ಕಳೆ ಕೀಳುವ ಕೆಲಸದಿಂದಲೋ ದಣಿದು ಬಂದವಳು ತೂಗುಚೊಂಬಿನಲ್ಲಿ ಕಾಫಿಯನ್ನು ಹಾಕಿಸಿಕೊಂಡು ಮರದ ಕೆಳಗೆ ಹೋಗಿ ಕುಡಿಯಬೇಕು. 2023ರ ಜೂನಿನಲ್ಲಿ ಶಕ್ತಿ ಯೋಜನೆಯು ಜಾರಿಗೆ ಬಂದ ಮೇಲೆ ಸರಕಾರಿ ಬಸ್ಸುಗಳಲ್ಲಿ ಹೆಂಗಸರ ಓಡಾಟವು ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಆಸ್ಪತ್ರೆಗೆ, ಕಚೇರಿಗೆ, ದೇವಸ್ಥಾನಕ್ಕೆ, ತೌರಿಗೆ ಅವರು ಹೊರಟರು. ಬಸ್ಸು ಟೀಗಾಗಿ ಹತ್ತು ನಿಮಿಷ ನಿಂತಾಗ ಗಂಡಸರೆಲ್ಲ ಇಳಿಯುತ್ತಾರೆ. ಹೆಂಗಸರು ಕಿಟಕಿಯಲ್ಲಿಯೇ ಕುಳಿತಿರುತ್ತಾರೆ, ನೀರನ್ನೂ ಕುಡಿಯುವುದಿಲ್ಲ, ಕುಡಿದರೆ ಹೋಗುವುದೆಲ್ಲಿಗೆ? ಸೌದೆಯ ಒಲೆಯನ್ನು ಹೊಗಳಿ ಬರೆದವರಲ್ಲಿ ಎಷ್ಟು ಮಂದಿ ಹೋಟಲಿನ ಹಿಂದೆ ಬಾಗಿಲು ಚಿಲಕಗಳುಳ್ಳ, ನೀರಿರುವ ಒಂದು ಶೌಚಗೃಹವಿದೆಯೇ ಎಂದು ನೋಡಿ ಬಂದರು?

ಇನ್ನು ಅಡಿಗೆಯ ವಿಷಯಕ್ಕೆ ಬಹಳ ಹೇಳಬೇಕಾದುದಿಲ್ಲ. ಕಾಫಿಗೆ ಚಿಕೋರಿ ಬೆರೆಸುವುದು ಅಪರಾಧವಲ್ಲ. ಮಿಶ್ರಣದಲ್ಲಿ ನೂರಕ್ಕೆ 51ರಷ್ಟಾದರೂ ಕಾಫಿಯಿರಬೇಕೆಂದು ನಿಯಮವಿದೆ, ಅಷ್ಟನ್ನು ಪಾಲಿಸಿದರೆ ಸಾಕು. ಇಡ್ಲಿಯ ತಟ್ಟೆಗೆ ಒದ್ದೆ ಬಟ್ಟೆಯ ಬದಲು ಪ್ಲಾಸ್ಟಿಕ್ಕಿನ ಹಾಳೆಯನ್ನು ಹಾಸುವ ಕೆಟ್ಟ ರೂಢಿಯು ಹಬ್ಬಿ, 2025ರ ಫೆಬ್ರವರಿಯಲ್ಲಿ ಸರಕಾರವೇ ಅದನ್ನು ನಿಷೇಧಿಸಬೇಕಾಯಿತು. ಬಟ್ಟೆಯನ್ನು ದಿನವೂ ಒಗೆದು ಬಿಸಿಲಿಗೆ ಹಾಕುವ ಶ್ರಮವನ್ನು ಉಳಿಸಲಿಕ್ಕೆ ಹೋಗಿ ಹೋಟಲಿನವರು ಹಬೆಯಲ್ಲಿ ವಿಷವನ್ನು ಬೇಯಿಸಿದರು. ನೀರು ಕುದಿದಿರಲಿ, ಎಣ್ಣೆ ನಿನ್ನೆಯದಾಗದಿರಲಿ. ಬೆಳಗಿನ ಚಟ್ನಿಯು ಮಧ್ಯಾಹ್ನಕ್ಕೆ ನೀರಾಗಿ ಸಾಯಂಕಾಲಕ್ಕೆ ಹುಳಿಯಾಗುವ ಮೂರು ಅವತಾರಗಳನ್ನು ಎತ್ತದಿರಲಿ.

ಹೋಟಲಿನವನ ಪಕ್ಷದಲ್ಲಿಯೂ ಹೇಳತಕ್ಕದ್ದುಂಟು. ನಂದಿನಿ ಹಾಲಿನ ಬೆಲೆಯು 2025ರ ಏಪ್ರಿಲಿನಲ್ಲಿ ಲೀಟರಿಗೆ ನಾಲ್ಕು ರೂಪಾಯಿಯಷ್ಟು ಏರಿತು; ಕಾಫಿ ಬೀಜದ ಧಾರಣೆಯು ಅದಕ್ಕೆ ಮುಂಚೆಯೇ ಮುಗಿಲಿಗೆ ಹೋಗಿತ್ತು. ಊರಿನ ಹೋಟಲಿನಲ್ಲಿ ಲೋಟಕ್ಕೆ ಎರಡು ರೂಪಾಯಿ ಹೆಚ್ಚಿಸಿದರೆ ಪಂಚಾಯಿತಿ ಕೂಡುತ್ತದೆ. ಸುಗ್ಗಿಯ ಮೇಲೆ ಕೊಡುವೆವೆಂದು ಬರೆಸಿದ ಉದ್ರಿಯ ಪುಸ್ತಕವು ಮಳೆ ಕೈಕೊಟ್ಟ ವರ್ಷ ದಪ್ಪವಾಗುತ್ತ ಹೋಗುತ್ತದೆ. 2025ರ ಜುಲೈಯಲ್ಲಿ ಮೊಬೈಲಿನ ಮೂಲಕ ಬಂದ ಹಣವನ್ನು ಲೆಕ್ಕ ಹಾಕಿ ವಾಣಿಜ್ಯ ತೆರಿಗೆಯ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟೀಸುಗಳನ್ನು ಕಳುಹಿಸಿದಾಗ, ಹೆದರಿದ ಚಹದಂಗಡಿಯವರು ಗೋಡೆಯ ಮೇಲಿನ ಚೌಕದ ಚೀಟಿಯನ್ನು ಕಿತ್ತುಹಾಕಿ ಚಿಲ್ಲರೆ ಕಾಸನ್ನೇ ಕೇಳತೊಡಗಿದರು. ಕಂತೆ ಕಂತೆಯಾಗಿ ಹಣವನ್ನು ತೆತ್ತು ಹೆದ್ದಾರಿಯ ಹೋಟಲಿನಲ್ಲಿ ತುಟಿಪಿಟಕ್ಕೆನ್ನದೆ ಬರತಕ್ಕ ಸಂಸಾರಸ್ಥರು, ಇಲ್ಲಿ ಹದಿನೈದು ರೂಪಾಯಿಯ ಕಾಫಿಗೆ "ಇಷ್ಟೇನಾ ಇರೋದು ಲೋಟದಲ್ಲಿ?" ಎಂದು ಜಗಳಕ್ಕೆ ನಿಲ್ಲುವರು. ಈ ಹೋಟಲು ಮುಚ್ಚಿದರೆ ಊರಿಗೆ ಬೇರೆ ಬೆಂಚಿಲ್ಲ. ಮುಚ್ಚಿದ ಹೋಟಲಿನ ಜಾಗದಲ್ಲಿ ಬರುವುದು ಬಹುಮಟ್ಟಿಗೆ ಮದ್ಯದ ಅಂಗಡಿ. ಅಲ್ಲಿ ಎಲ್ಲ ಜಾತಿಯವರಿಗೂ ಸಮಾನವಾದ ಗ್ಲಾಸು ಸಿಕ್ಕುವುದೆಂಬುದು ನಗತಕ್ಕ ಮಾತೋ ಅಳತಕ್ಕ ಮಾತೋ ತಿಳಿಯದು.

ಮಾಡಬಹುದಾದ ಕೆಲಸವೊಂದು ಕಣ್ಣೆದುರಿಗೇ ಇದೆ. ಬಸ್ಸು ನಿಲ್ದಾಣದ ಬಳಿಯ ಮಳಿಗೆಗಳನ್ನು ಗ್ರಾಮಪಂಚಾಯಿತಿಗಳು ಹರಾಜು ಹಾಕಿ ಬಾಡಿಗೆಗೆ ಕೊಡುತ್ತವೆ. ಕರಾರುಪತ್ರದಲ್ಲಿ ಮುಂಗಡವೆಷ್ಟು, ಬಾಡಿಗೆಯೆಷ್ಟು, ತಪ್ಪಿದರೆ ದಂಡವೆಷ್ಟು ಎಂಬುದೆಲ್ಲ ಸಾಂಗವಾಗಿ ಬರೆದಿರುತ್ತದೆ. ಅದರ ಜೊತೆಗೆ ಇನ್ನು ನಾಲ್ಕು ಸಾಲುಗಳನ್ನು ಸೇರಿಸಲಿಕ್ಕೆ ಹೊಸ ಶಾಸನವೇನೂ ಬೇಡ. ಒಂದೇ ಬಗೆಯ ಲೋಟಗಳೂ ಅವನ್ನು ತೊಳೆಯಲಿಕ್ಕೆ ಒಂದೇ ತೊಟ್ಟಿಯೂ ಇರತಕ್ಕದ್ದು. ಬೆಂಚಿನ ಮೇಲೆ ಯಾರನ್ನೂ ಏಳೆನ್ನಕೂಡದು. ಹೆಂಗಸರು ಕೂಡಲಿಕ್ಕೆ ಬೆಳಕುಳ್ಳ ಸ್ಥಳವಿರತಕ್ಕದ್ದು. ಮಳಿಗೆಯ ಹಿಂದಿನ ಶೌಚಗೃಹವನ್ನು ಪಂಚಾಯಿತಿಯೇ ಕಟ್ಟಿಸಿ ನೀರು ಕೊಡತಕ್ಕದ್ದು, ಅದನ್ನು ಚೊಕ್ಕಟವಾಗಿ ಇಡುವ ಹೋಟಲಿನವನಿಗೆ ಬಾಡಿಗೆಯಲ್ಲಿ ಅಷ್ಟನ್ನು ಬಿಡತಕ್ಕದ್ದು. ಹರಾಜಿನ ದಿನ ಪಂಚಾಯಿತಿಯ ಕಟ್ಟೆಯ ಮೇಲೆ ಊರಿನ ಹಿರಿಯರೆಲ್ಲ ಕೂಡಿರುತ್ತಾರೆ. ಈ ಸಾಲುಗಳನ್ನು ಗಟ್ಟಿಯಾಗಿ ಓದಿಸಿ, ಯಾರು ಕೆಮ್ಮುತ್ತಾರೆ ಎಂಬುದನ್ನು ನೋಡಬಹುದು.