ಸಂಖ್ಯೆಗೂ ಒಂದು ಮರೆ: ಹಾನಗಲ್‌ನಿಂದ ಹಿರೇಕೆರೂರಿನವರೆಗೆ ಯಾರಿಗೆ ದಕ್ಕೀತು?

ಹಾನಗಲ್‌ಗೆ 08379. ಹಿರೇಕೆರೂರಿಗೆ 08376. ಶಿಗ್ಗಾವಿ, ಸವಣೂರುಗಳೆರಡಕ್ಕೂ 08378. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಹಳೆಯ ಅಂಗಡಿ ಫಲಕಗಳಲ್ಲಿ, ಕಚೇರಿಗಳ ಬಾಗಿಲಲ್ಲಿ ಈ ಎಸ್‌ಟಿಡಿ ಸಂಕೇತಗಳು ಇಂದಿಗೂ ಕಾಣಸಿಗುತ್ತವೆ. ಸಂಕೇತದ ಮೊದಲಿನ ಸೊನ್ನೆಯನ್ನು ಬಿಟ್ಟು, ಊರೊಳಗಿನ ಆರು ಅಂಕಿಗಳನ್ನು ಸೇರಿಸಿದರೆ ಒಟ್ಟು ಹತ್ತು ಅಂಕಿಗಳಾಗುತ್ತವೆ. ಆ ಹತ್ತು ಅಂಕಿಗಳು ಒಂದು ನಿರ್ದಿಷ್ಟ ಊರಿನ, ನಿರ್ದಿಷ್ಟ ಮನೆಯ ತಂತಿಯನ್ನು ತಲುಪುತ್ತಿದ್ದವು. ದೂರವಾಣಿ ಸಂಖ್ಯೆ ಎಂದರೆ ವಿಳಾಸವೆಂದೇ ಅರ್ಥವಿದ್ದ ಕಾಲವದು.

ಮೊಬೈಲ್ ಬಂದ ಮೇಲೆ ಸಂಖ್ಯೆ ಊರನ್ನು ಬಿಟ್ಟು ವ್ಯಕ್ತಿಗೆ ಅಂಟಿಕೊಂಡಿತು. 2011ರ ಜನವರಿಯಲ್ಲಿ ದೇಶವ್ಯಾಪಿಯಾದ ನಂಬರ್ ಪೋರ್ಟಬಿಲಿಟಿ ಸಂಖ್ಯೆಗೂ ಕಂಪನಿಗೂ ಇದ್ದ ನಂಟನ್ನು ಕಡಿಯಿತು. 2015ರ ಜುಲೈನಿಂದ ರಾಜ್ಯ ಬದಲಾದರೂ ಅದೇ ಸಂಖ್ಯೆ ಉಳಿಸಿಕೊಳ್ಳಲು ಅವಕಾಶ ದೊರೆತು ಪ್ರದೇಶದ ನಂಟೂ ಸಡಿಲಿತು. ಇದೀಗ ಅಂತರಜಾಲ ಆಧಾರಿತ ವರ್ಚುವಲ್ ನಂಬರ್ ಉಳಿದೊಂದು ನಂಟನ್ನೂ, ಅಂದರೆ ಸಂಖ್ಯೆಗೂ ಕೈಯಲ್ಲಿರುವ ಸಿಮ್ ಕಾರ್ಡಿಗೂ ಇದ್ದ ಸಂಬಂಧವನ್ನೂ ತೆಗೆದುಹಾಕಿದೆ. ಈ ಬದಲಾವಣೆಯ ಲಾಭ ಯಾರಿಗೆ ಸಿಗುತ್ತಿದೆ, ಯಾರಿಗೆ ಸಿಗಬೇಕಿತ್ತು ಎಂಬುದು ಚರ್ಚೆಯಾಗಬೇಕಾದ ವಿಷಯ.

ನಡುವೆ ನಿಂತ ಸಂಖ್ಯೆ

ವರ್ಚುವಲ್ ನಂಬರ್ ಯಾವುದೇ ತಂತಿಯ ತುದಿಯಲ್ಲಾಗಲಿ, ಸಿಮ್‌ನಲ್ಲಾಗಲಿ ಇರುವುದಿಲ್ಲ. ಅದು ಸೇವಾ ಕಂಪನಿಯೊಂದರ ಸರ್ವರಿನಲ್ಲಿರುವ ಪಟ್ಟಿಯೊಳಗಿನ ಒಂದು ಸಾಲು. ಹಾನಗಲ್‌ನ ಮಾವು ಬೆಳೆಗಾರರೊಬ್ಬರು ಬೆಂಗಳೂರಿನ ಗ್ರಾಹಕರಿಗೆ ನೇರವಾಗಿ ಹಣ್ಣು ಮಾರಲು ಇಂಥದೊಂದು ಸಂಖ್ಯೆ ಪಡೆದಿದ್ದಾರೆ ಎಂದಿಟ್ಟುಕೊಳ್ಳೋಣ. ಗ್ರಾಹಕರು ಆ ಸಂಖ್ಯೆಗೆ ಕರೆ ಮಾಡಿದಾಗ ದೂರವಾಣಿ ಜಾಲವು ಕರೆಯನ್ನು ಕಂಪನಿಯ ಸರ್ವರಿಗೆ ಒಪ್ಪಿಸುತ್ತದೆ. ಈ ಸಂಖ್ಯೆಗೆ ಬಂದ ಕರೆಯನ್ನು ಯಾರಿಗೆ ದಾಟಿಸಬೇಕು ಎಂಬುದನ್ನು ಸರ್ವರ್ ತನ್ನ ಪಟ್ಟಿಯಲ್ಲಿ ನೋಡಿ, ಬೆಳೆಗಾರರ ನಿಜವಾದ ಮೊಬೈಲ್‌ಗೆ ಎರಡನೆಯ ಕರೆ ಹೊರಡಿಸಿ, ಎರಡನ್ನೂ ಜೋಡಿಸುತ್ತದೆ. ಬಳಕೆದಾರರು ಆ್ಯಪ್ ಹೊಂದಿದ್ದರೆ ಎರಡನೆಯ ಕರೆ ಅಂತರಜಾಲದ ಮೂಲಕವೇ ಬರಬಹುದು; ಆಗ ಧ್ವನಿಯು ಚಿಕ್ಕ ಚಿಕ್ಕ ದತ್ತಾಂಶ ಪೊಟ್ಟಣಗಳಾಗಿ ಸಾಗುತ್ತದೆ. ಎರಡೂ ಬದಿಯವರಿಗೆ ಕಾಣುವುದು ನಡುವಿನ ಸಂಖ್ಯೆ ಮಾತ್ರ. ಹಣ್ಣಿನ ಹಂಗಾಮು ಮುಗಿದ ಮೇಲೆ ಪಟ್ಟಿಯ ಆ ಸಾಲನ್ನು ಅಳಿಸಿದರೆ ಆ ದಾರಿಯೇ ಮುಚ್ಚುತ್ತದೆ.

ತತ್ತ್ವ ಹೊಸದೇನಲ್ಲ. 1800ರಿಂದ ಆರಂಭವಾಗುವ ಉಚಿತ ಕರೆ ಸಂಖ್ಯೆಗಳು ಕೆಲಸ ಮಾಡುವುದೂ ಹೀಗೆಯೇ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್ ಸೇವೆಯ ಸಂಖ್ಯೆಯೂ ಯಾವ ಊರಿಗೂ ಸೇರಿದ್ದಲ್ಲ. ಹಿರೇಕೆರೂರಿನ ಹಳ್ಳಿಯಿಂದ ಒತ್ತಿದರೂ ಕರೆ ಮೊದಲು ಕೇಂದ್ರವೊಂದಕ್ಕೆ ಹೋಗಿ, ಅಲ್ಲಿಂದ ವಾಹನಕ್ಕೆ ತಲುಪುತ್ತದೆ. ಅಂತರಜಾಲ ಮಾಡಿದ ಬದಲಾವಣೆ ಎಂದರೆ ಸಂಸ್ಥೆಗಳಿಗೆ ಮಾತ್ರ ಎಟುಕುತ್ತಿದ್ದ ಈ ವ್ಯವಸ್ಥೆಯನ್ನು ಸಾಮಾನ್ಯ ವ್ಯಕ್ತಿಗೂ ಕಡಿಮೆ ಖರ್ಚಿನಲ್ಲಿ ಸಿಗುವಂತೆ ಮಾಡಿದ್ದು.

ಕರ್ನಾಟಕಕ್ಕೆ ಈ ಉದ್ಯಮದಲ್ಲಿ ದೊಡ್ಡ ಪಾಲಿದೆ. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಿಪ್‌ಡಯಲ್, ಭಾರತೀಯರ ಮಿಸ್ಡ್ ಕಾಲ್ ಅಭ್ಯಾಸವನ್ನೇ ವ್ಯವಹಾರವಾಗಿ ಮಾರ್ಪಡಿಸಿತು. 2015ರ ಜನವರಿಯಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು. 2011ರಲ್ಲಿ ಬೆಂಗಳೂರಿನಲ್ಲೇ ಆರಂಭವಾದ ಎಕ್ಸೋಟೆಲ್, ಕಂಪನಿಗಳಿಗೆ ಕ್ಲೌಡ್ ದೂರವಾಣಿ ಸೇವೆ ಒದಗಿಸುವ ಪ್ರಮುಖ ಸಂಸ್ಥೆಯಾಗಿ ಬೆಳೆಯಿತು. ಇಂದು ನಗರವಾಸಿಗಳು ಟ್ಯಾಕ್ಸಿ ಚಾಲಕರೊಡನೆಯೋ ಊಟ ತಂದುಕೊಡುವ ಹುಡುಗನೊಡನೆಯೋ ಆ್ಯಪ್ ಮೂಲಕ ಮಾತನಾಡುವಾಗ ಅನೇಕ ಬಾರಿ ಇಬ್ಬರ ಸಂಖ್ಯೆಯೂ ಮತ್ತೊಬ್ಬರಿಗೆ ಕಾಣುವುದಿಲ್ಲ. ಆ ಮರೆಯನ್ನು ಒದಗಿಸುವುದು ಇಂಥ ನಡುವಿನ ಸಂಖ್ಯೆಗಳೇ.

ಹತ್ತು ಅಂಕಿಗಳ ಬೆಲೆ

ಹಿಂದೆ ದೂರವಾಣಿ ಸಂಖ್ಯೆಗಳು ಡೈರೆಕ್ಟರಿಯಲ್ಲಿ ಅಚ್ಚಾಗಿ ಎಲ್ಲರ ಕೈಗೂ ಸಿಗುತ್ತಿದ್ದವು. ಅದರಿಂದ ಯಾರೂ ಆತಂಕಗೊಂಡಿರಲಿಲ್ಲ. ಈಗ ಸಂಖ್ಯೆಯನ್ನು ಮುಚ್ಚಿಡಬೇಕೆನ್ನಲು ಕಾರಣವಿದೆ. ಮೊಬೈಲ್ ಸಂಖ್ಯೆ ಇಂದು ಬ್ಯಾಂಕ್ ಖಾತೆ, ಆಧಾರ್ ಹಾಗೂ ಸರ್ಕಾರಿ ಯೋಜನೆಗಳಿಗೆಲ್ಲ ಕೀಲಿಕೈ. 2016ರಲ್ಲಿ ಬಂದ ಯುಪಿಐ ವ್ಯವಸ್ಥೆಯಲ್ಲಿ ಮೊಬೈಲ್ ಸಂಖ್ಯೆ ಹಾಕಿದರೆ ಖಾತೆದಾರರ ಹೆಸರು ಕಾಣಿಸಿಕೊಳ್ಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮುಖಚಿತ್ರವೂ ಸಿಗಬಹುದು. ಟ್ರೂಕಾಲರ್‌ನಂಥ ಆ್ಯಪ್‌ಗಳು ಅಪರಿಚಿತ ಸಂಖ್ಯೆಗೆ ಹೆಸರು ಕೊಡುತ್ತವೆ. ಹೀಗಾಗಿ ಸಂಖ್ಯೆ ಕೊಟ್ಟವರು ತಮಗರಿವಿಲ್ಲದೆಯೇ ಹೆಸರು, ಮುಖ ಎರಡನ್ನೂ ಕೊಟ್ಟಂತಾಗುತ್ತದೆ.

ಈ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. 2017ರಲ್ಲಿ ಉತ್ತರ ಪ್ರದೇಶದ ರೀಚಾರ್ಜ್ ಅಂಗಡಿಗಳಿಂದ ಯುವತಿಯರ ಮೊಬೈಲ್ ಸಂಖ್ಯೆಗಳು ಹಣಕ್ಕೆ ಮಾರಾಟವಾಗುತ್ತಿದ್ದ ಸಂಗತಿ ಪತ್ರಿಕೆಗಳಲ್ಲಿ ಬಯಲಾಯಿತು. ಮರುವರ್ಷ ವೊಡಾಫೋನ್ ತನ್ನ ‘ಸಖಿ’ ಸೇವೆಯಲ್ಲಿ, ಮಹಿಳೆಯರು ನಿಜವಾದ ಸಂಖ್ಯೆಯನ್ನು ಅಂಗಡಿಯವರಿಗೆ ಹೇಳದೆ ಬದಲಿ ಸಂಖ್ಯೆಯೊಂದನ್ನು ನೀಡಿ ರೀಚಾರ್ಜ್ ಮಾಡಿಸಿಕೊಳ್ಳುವ ಅವಕಾಶ ಒದಗಿಸಿತು. 2020ರಲ್ಲಿ ಹೈದರಾಬಾದ್ ಮೂಲದ ಕಂಪನಿಯೊಂದು ‘ದೂಸ್ರಾ’ ಎಂಬ ಹೆಸರಿನಲ್ಲಿ ಸಿಮ್ ರಹಿತ ಎರಡನೆಯ ಸಂಖ್ಯೆ ನೀಡಲು ಮುಂದಾಯಿತು. ಸಂಖ್ಯೆಗೊಂದು ಮರೆ ಬೇಕು ಎಂಬ ಬೇಡಿಕೆ ಕೇವಲ ಶ್ರೀಮಂತರ ಶೋಕಿಯಲ್ಲ ಎಂಬುದಕ್ಕೆ ರೀಚಾರ್ಜ್ ಅಂಗಡಿಯ ಪ್ರಕರಣವೇ ಸಾಕ್ಷಿ.

ಮರೆ ಯಾರಿಂದ, ಎಷ್ಟು?

ಆದರೆ ವರ್ಚುವಲ್ ನಂಬರ್ ಕೊಡುವ ರಕ್ಷಣೆಯನ್ನು ಅಳೆದು ನೋಡಬೇಕಾಗುತ್ತದೆ. ಕರೆ ಮಾಡಿದ ಅಪರಿಚಿತರಿಂದ ಅದು ಸಂಖ್ಯೆಯನ್ನು ಮುಚ್ಚಿಡುತ್ತದೆ, ನಿಜ. ನಡುವೆ ನಿಂತ ಕಂಪನಿಗೆ ಮಾತ್ರ ಎಲ್ಲವೂ ತಿಳಿದಿರುತ್ತದೆ: ಯಾರು ಯಾರಿಗೆ, ಯಾವ ಹೊತ್ತಿನಲ್ಲಿ, ಎಷ್ಟು ನಿಮಿಷ ಮಾತನಾಡಿದರು ಎಂಬ ವಿವರ ಅದರ ಬಳಿ ದಾಖಲಾಗುತ್ತದೆ. ಕೆಲವೊಮ್ಮೆ ಮಾತೂ ಧ್ವನಿಮುದ್ರಣಗೊಳ್ಳುತ್ತದೆ. ಅಪರಿಚಿತರ ಮೇಲಿನ ಅಪನಂಬಿಕೆಗೆ ಪರಿಹಾರವಾಗಿ ಕಂಪನಿಯ ಮೇಲೆ ನಂಬಿಕೆ ಇಡಬೇಕಾಗಿ ಬರುತ್ತದೆ. ಇನ್ನು ಸರ್ಕಾರದಿಂದ ಇಲ್ಲಿ ಮರೆಯೇ ಇಲ್ಲ. ಭಾರತದಲ್ಲಿ ಅಧಿಕೃತ ಸಂಖ್ಯೆ ಪಡೆಯಲು ಗುರುತಿನ ದಾಖಲೆ ಕೊಡಲೇಬೇಕು. ಕರೆ ವಿವರಗಳನ್ನು ಕನಿಷ್ಠ ಎರಡು ವರ್ಷ ಕಾಪಿಡಬೇಕೆಂದು ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಪರವಾನಗಿ ನಿಯಮವನ್ನು ತಿದ್ದುಪಡಿ ಮಾಡಿತು.

ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬಳಿಕ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರಗೊಂಡರೂ ಅದರ ನಿಯಮಗಳು ಪ್ರಕಟವಾಗಲು 2025ರ ನವೆಂಬರ್‌ವರೆಗೆ ಕಾಯಬೇಕಾಯಿತು. ಅವೂ ಹಂತ ಹಂತವಾಗಿ ಜಾರಿಗೆ ಬರುವಂಥವು. ನಡುವಿನ ಕಂಪನಿಯ ಕೈಯಲ್ಲಿರುವ ಕರೆ ವಿವರಗಳಿಗೆ ಕಾನೂನಿನ ಕಾವಲು ಎಷ್ಟು ಬಿಗಿಯಾಗಿರುತ್ತದೆ ಎಂಬುದರ ಮೇಲೆ ವರ್ಚುವಲ್ ನಂಬರಿನ ಖಾಸಗಿತನ ನಿಂತಿದೆ.

ಅದೇ ಮುಸುಕು, ವಂಚಕರಿಗೂ

ಸರ್ಕಾರ ಈ ತಂತ್ರಜ್ಞಾನವನ್ನು ಎಚ್ಚರಿಕೆಯಿಂದ ನೋಡುತ್ತ ಬಂದದ್ದಕ್ಕೂ ಕಾರಣಗಳಿವೆ. ಭಾರತದಲ್ಲಿ ಅಂತರಜಾಲ ದೂರವಾಣಿಗೆ 2002ರ ಏಪ್ರಿಲ್‌ನಲ್ಲಿ ಸೀಮಿತ ಅನುಮತಿ ದೊರೆಯಿತು. ಅಂತರಜಾಲದ ಮೂಲಕ ದೇಶದೊಳಗಿನ ಸಾಮಾನ್ಯ ಫೋನ್‌ಗಳಿಗೆ ಕರೆ ಮಾಡುವ ಸೇವೆಗೆ ಹಾದಿ ಸುಗಮವಾದದ್ದು 2018ರಲ್ಲಿ. ಆ ವರ್ಷದ ಜುಲೈನಲ್ಲಿ ಬಿಎಸ್‌ಎನ್‌ಎಲ್, ಸಿಮ್ ಇಲ್ಲದೆ ಹತ್ತು ಅಂಕಿಗಳ ಸಂಖ್ಯೆ ನೀಡುವ ‘ವಿಂಗ್ಸ್’ ಸೇವೆಯನ್ನು ಪ್ರಕಟಿಸಿತು.

ಈ ನಡುವೆ ಅಡ್ಡದಾರಿಗಳೂ ಬೆಳೆದವು. 2021ರ ಜೂನ್‌ನಲ್ಲಿ ಬೆಂಗಳೂರು ಪೊಲೀಸರು ಸೇನಾ ಗುಪ್ತಚರ ವಿಭಾಗದ ನೆರವಿನಿಂದ ಅಕ್ರಮ ದೂರವಾಣಿ ವಿನಿಮಯ ಜಾಲವೊಂದನ್ನು ಭೇದಿಸಿದರು. ಅಲ್ಲಿ ದೊರೆತ 32 ಸಿಮ್ ಬಾಕ್ಸ್‌ಗಳಲ್ಲಿ ಏಕಕಾಲಕ್ಕೆ 960 ಸಿಮ್‌ಗಳನ್ನು ಬಳಸಲು ಸಾಧ್ಯವಿತ್ತು. ವಿದೇಶದಿಂದ ಅಂತರಜಾಲದ ಮೂಲಕ ಬಂದ ಕರೆಗಳು ಅಲ್ಲಿ ಸ್ಥಳೀಯ ಕರೆಯ ವೇಷ ತೊಡುತ್ತಿದ್ದವು. ವಿದೇಶದಿಂದ ಭಾರತೀಯ ಸಂಖ್ಯೆಯ ಸೋಗಿನಲ್ಲಿ ಬರುವ ಕರೆಗಳನ್ನು ತಡೆಯಲು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 22ರಂದು ವ್ಯವಸ್ಥೆಯೊಂದನ್ನು ಆರಂಭಿಸಿದಾಗ ಮೊದಲ 24 ಗಂಟೆಗಳಲ್ಲೇ ಸುಮಾರು 1.35 ಕೋಟಿ ಕರೆಗಳು ಸಿಕ್ಕಿಬಿದ್ದವು. ‘ಡಿಜಿಟಲ್ ಅರೆಸ್ಟ್’ ಹೆಸರಿನ ವಂಚನೆ ತಾಲ್ಲೂಕು ಕೇಂದ್ರಗಳ ನಿವೃತ್ತ ನೌಕರರನ್ನೂ ನಡುಗಿಸಬಲ್ಲದಾದದ್ದು ಇಂಥ ವೇಷಧಾರಿ ಸಂಖ್ಯೆಗಳಿಂದಲೇ.

ಕಾನೂನಿನ ಪ್ರತಿಕ್ರಿಯೆಯೂ ಬಿರುಸಾಗಿದೆ. ದೂರಸಂಪರ್ಕ ಕಾಯ್ದೆ, 2023ರ ಪ್ರಕಾರ ಸಂಖ್ಯೆಯ ಸೋಗು ಹಾಕಿ ವಂಚಿಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಬ್ಯಾಂಕ್ ಮತ್ತು ಸರ್ಕಾರಿ ಸಂಸ್ಥೆಗಳ ಸೇವಾ ಕರೆಗಳಿಗಾಗಿ 2024ರಲ್ಲಿ 160ರಿಂದ ಆರಂಭವಾಗುವ ಪ್ರತ್ಯೇಕ ಸರಣಿ ಮೀಸಲಾಯಿತು. ಸಂದೇಶ ಆ್ಯಪ್‌ಗಳು ಫೋನಿನಲ್ಲಿ ಸಕ್ರಿಯ ಸಿಮ್ ಇದ್ದರೆ ಮಾತ್ರ ಕೆಲಸ ಮಾಡಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಸೂಚಿಸಿತು. ಕರೆ ಮಾಡಿದವರ ಹೆಸರು ಪರದೆಯ ಮೇಲೆ ತೋರಬೇಕೆಂದು ಟ್ರಾಯ್ 2024ರ ಫೆಬ್ರವರಿಯಲ್ಲೇ ಶಿಫಾರಸು ಮಾಡಿತ್ತು.

ಈ ಕೊನೆಯ ಕ್ರಮ ವಂಚಕರನ್ನು ತಡೆಯಲು ಹೊರಟದ್ದಾದರೂ ಬೇರೆಯವರನ್ನೂ ತಟ್ಟುತ್ತದೆ. ತೋರುವ ಹೆಸರು ಸಿಮ್ ಪಡೆಯುವಾಗ ಕೊಟ್ಟ ದಾಖಲೆಯಲ್ಲಿದ್ದ ಹೆಸರು. ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಕೈಯಲ್ಲಿರುವ ಸಿಮ್ ಗಂಡನದೋ ಮಗನದೋ ಹೆಸರಿನಲ್ಲಿರುವುದುಂಟು. ಅಂಥ ಕಡೆ ಪರದೆ ತಪ್ಪು ಹೆಸರನ್ನು ಹೇಳುತ್ತದೆ. ಸಿಮ್ ಅವರದೇ ಹೆಸರಿನಲ್ಲಿದ್ದರೆ, ಕೆಲಸದ ನಿಮಿತ್ತ ಮಾಡಿದ ಪ್ರತಿಯೊಂದು ಕರೆಯೂ ಅಪರಿಚಿತರಿಗೆ ಅವರ ಪೂರ್ಣ ಹೆಸರನ್ನು ಒಪ್ಪಿಸುತ್ತದೆ.

ನಾಲ್ಕು ತಾಲ್ಲೂಕುಗಳ ಲೆಕ್ಕ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳು ಕೃಷಿಯನ್ನೇ ನಂಬಿದ ತಾಲ್ಲೂಕುಗಳು. ಇಲ್ಲಿ ಸರ್ಕಾರವೆಂದರೆ ಜನರ ಪಾಲಿಗೆ ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಗ್ರಾಮ ಆಡಳಿತಾಧಿಕಾರಿ, ಶಾಲಾ ಶಿಕ್ಷಕಿ, ಲೈನ್‌ಮನ್. ಇವರ ಮೊಬೈಲ್ ಸಂಖ್ಯೆ ಊರಿಗೆಲ್ಲ ತಿಳಿದಿರಬೇಕಾದದ್ದು ಅವರ ಕೆಲಸದ ಸ್ವರೂಪದಿಂದಲೇ. ಹೆರಿಗೆ ನೋವು ಹೊತ್ತು ನೋಡಿ ಬರುವುದಿಲ್ಲ. ತಂತಿ ಹರಿದುಬಿದ್ದದ್ದೂ ಬೆಳಗಾಗುವವರೆಗೆ ಕಾಯುವುದಿಲ್ಲ. ಹಾಗೆ ಊರಿಗೆಲ್ಲ ತಿಳಿದ ಸಂಖ್ಯೆಯೇ ಅವರ ಬ್ಯಾಂಕ್ ಖಾತೆಯದೂ, ಕುಟುಂಬದ್ದೂ, ಮಕ್ಕಳ ಶಾಲೆಯದೂ ಆಗಿರುತ್ತದೆ. ಅಪರಾತ್ರಿಯಲ್ಲಿ ಅನಗತ್ಯ ಕರೆ ಬಂದರೆ ಸಂಖ್ಯೆ ಬದಲಿಸುವಂತಿಲ್ಲ, ಫೋನ್ ಆರಿಸಿಡುವಂತೆಯೂ ಇಲ್ಲ.

ಬೆಂಗಳೂರಿನಲ್ಲಿ ಆ್ಯಪ್ ಮೂಲಕ ಬಿರಿಯಾನಿ ತರಿಸುವ ಗ್ರಾಹಕನ ಸಂಖ್ಯೆಗೆ ದೊರೆಯುವ ಮರೆ, ಸವಣೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಗರ್ಭಿಣಿಯರ ಮನೆ ಮನೆ ಸುತ್ತುವ ಕಾರ್ಯಕರ್ತೆಯ ಸಂಖ್ಯೆಗೆ ಇಲ್ಲ. ತಂತ್ರಜ್ಞಾನ ಒಂದೇ, ಅದನ್ನು ರೂಪಿಸಿ ಮಾರುವ ನಗರ ರಾಜ್ಯದೊಳಗೇ ಇದೆ. ಕೊರತೆ ಇರುವುದು ಯಾರ ಸಮಯಕ್ಕೆ, ಯಾರ ನೆಮ್ಮದಿಗೆ ಬೆಲೆ ಕಟ್ಟಲಾಗಿದೆ ಎಂಬಲ್ಲಿ.

ಹಳ್ಳಿಗಳಲ್ಲಿ ಗುರುತಿನ ಸಂಖ್ಯೆಗೇ ಬೆಲೆ, ಮುಚ್ಚಿಟ್ಟ ಸಂಖ್ಯೆಯನ್ನು ಜನ ನಂಬುವುದಿಲ್ಲ ಎಂಬ ಆಕ್ಷೇಪ ಇಲ್ಲಿ ಸಹಜವಾಗಿಯೇ ಬರುತ್ತದೆ. ಅದರಲ್ಲಿ ಹುರುಳಿದೆ. ದಿನಕ್ಕೊಂದು ಅಪರಿಚಿತ ಸಂಖ್ಯೆಯಿಂದ ಕರೆ ಬಂದರೆ ಬಾಣಂತಿಯ ಮನೆಯವರು ಎತ್ತಲಾರರು. ವಂಚನೆಯ ಸುದ್ದಿ ಕೇಳಿ ಬೆದರಿರುವ ಈ ದಿನಗಳಲ್ಲಿ ಅದು ಇನ್ನೂ ಕಷ್ಟ. ಈ ಕಾರಣಕ್ಕೇ ಪರಿಹಾರ ಬಿಡಿ ಬಿಡಿ ವ್ಯಕ್ತಿಗಳ ಆ್ಯಪ್‌ನಲ್ಲಿ ಸಿಗುವಂಥದಲ್ಲ. ಜನ ಗುರುತಿಸಬಲ್ಲ ಒಂದು ಸಂಖ್ಯೆ ಬೇಕು, ಅದರ ಹಿಂದೆ ಸರ್ಕಾರದ ಹೊಣೆಯೂ ಬೇಕು.

ತಾಲ್ಲೂಕಿನ ಹಳೆಯ ಎಸ್‌ಟಿಡಿ ಸಂಕೇತಗಳಿಗೆ ಮರುಜೀವ ಸಿಗಬಹುದಾದ ಜಾಗ ಇದೇ. ಸ್ಥಿರ ದೂರವಾಣಿ ಸಂಖ್ಯೆಯೂ ಇಂದು ಫೈಬರ್ ಮೂಲಕ, ಅಂತರಜಾಲ ತಂತ್ರಜ್ಞಾನದಲ್ಲೇ ನಡೆಯಬಲ್ಲದು. 08379ರಿಂದ ಆರಂಭವಾಗುವ ಒಂದು ಸಂಖ್ಯೆಯನ್ನು ಹಾನಗಲ್ ತಾಲ್ಲೂಕು ಆಡಳಿತಕ್ಕೆ ಗೊತ್ತುಮಾಡಿ, ಕನ್ನಡದಲ್ಲೇ ಊರಿನ ಹೆಸರು ಕೇಳಿಕೊಂಡು ಆಯಾ ಊರಿನ ಆಶಾ ಕಾರ್ಯಕರ್ತೆಗೋ ಗ್ರಾಮ ಆಡಳಿತಾಧಿಕಾರಿಗೋ ಕರೆ ದಾಟಿಸುವುದು ತಾಂತ್ರಿಕವಾಗಿ ಕಷ್ಟವೇನಲ್ಲ. ಅವರು ಮರಳಿ ಕರೆ ಮಾಡಿದರೂ ಅದೇ ಸಂಖ್ಯೆ ಕಾಣುವಂತೆ ಮಾಡಬಹುದು. ಕಾರ್ಯಕರ್ತೆ ರಜೆಯಲ್ಲಿದ್ದರೆ ಕರೆ ಪಕ್ಕದ ಊರಿನವರಿಗೆ ಹೋಗುತ್ತದೆ. ಅಧಿಕಾರಿ ವರ್ಗವಾದರೂ ಜನರ ಕೈಯಲ್ಲಿರುವ ಸಂಖ್ಯೆ ಬದಲಾಗುವುದಿಲ್ಲ. ಪದೇ ಪದೇ ಪೀಡಿಸುವವರ ಕರೆ ದಾಖಲೆಯಲ್ಲಿ ಉಳಿಯುತ್ತದೆ. ದೂರು ಕೊಡುವಾಗ ಅದೇ ಆಧಾರವಾಗುತ್ತದೆ.

ಅಂಥ ವ್ಯವಸ್ಥೆಗೆ ಷರತ್ತುಗಳೂ ಇರಬೇಕು. ಕರೆ ವಿವರಗಳು ಯಾರ ವಶದಲ್ಲಿರುತ್ತವೆ, ಎಷ್ಟು ಕಾಲ ಇರುತ್ತವೆ, ಮೇಲಧಿಕಾರಿಗಳು ಅವನ್ನು ಕೆಳಗಿನವರ ಮೇಲೆ ಕಣ್ಣಿಡಲು ಬಳಸಬಹುದೇ ಎಂಬುದನ್ನು ಮೊದಲೇ ನಿರ್ಧರಿಸದಿದ್ದರೆ ಮರೆಯಾಗಬೇಕಾದದ್ದು ಬಲೆಯಾದೀತು. ಮಾತಿನ ಧ್ವನಿಮುದ್ರಣ ಅಗತ್ಯವಿಲ್ಲ. ಸೇವೆ ಒದಗಿಸುವ ಕಂಪನಿಗೆ ಈ ವಿವರಗಳನ್ನು ಬೇರೆ ಯಾವ ಉದ್ದೇಶಕ್ಕೂ ಬಳಸದಂತೆ ಕರಾರು ಹಾಕಬೇಕು.

ಓದುಗರು ತಮ್ಮ ಮಟ್ಟಿಗೆ ನೆನಪಿಡಬೇಕಾದ ಸಂಗತಿಗಳೂ ಇವೆ. ಬ್ಯಾಂಕಿಗೆ, ಆಧಾರ್‌ಗೆ ಜೋಡಿಸಿದ ಸಂಖ್ಯೆಯನ್ನು ಜಾಹೀರಾತಿನಲ್ಲಾಗಲಿ, ಮಳಿಗೆಯ ಬಿಲ್ ಪುಸ್ತಕದಲ್ಲಾಗಲಿ ಕೊಡದಿರುವುದು ಲೇಸು. ವ್ಯವಹಾರಕ್ಕೆ ಬೇರೆ ಸಂಖ್ಯೆ ಇಟ್ಟುಕೊಳ್ಳುವುದಾದರೆ ಗುರುತಿನ ದಾಖಲೆ ಕೇಳುವ, ಪರವಾನಗಿ ಹೊಂದಿದ ಸಂಸ್ಥೆಯಿಂದಲೇ ಪಡೆಯಬೇಕು. ದಾಖಲೆ ಕೇಳದೆ ಅಂತರಜಾಲದಲ್ಲಿ ಪುಕ್ಕಟೆ ಸಿಗುವ ಸಂಖ್ಯೆಗಳು ಹಲವರ ಕೈ ದಾಟಿ ಬಂದಿರಬಹುದು. ಅನುಮಾನಾಸ್ಪದ ಕರೆ ಬಂದರೆ ಸಂಚಾರ್ ಸಾಥಿಯ ‘ಚಕ್ಷು’ ವಿಭಾಗದಲ್ಲಿ ತಿಳಿಸಬಹುದು. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಸಂಖ್ಯೆಯನ್ನು ಮರೆಮಾಡುವ ವಿದ್ಯೆ ಈಗ ವಂಚಕರ ಬಳಿಯೂ ಇದೆ, ದೊಡ್ಡ ಕಂಪನಿಗಳ ಬಳಿಯೂ ಇದೆ. ಊರಿನ ಸೇವೆಯಲ್ಲಿರುವವರಿಗೆ ಅದನ್ನು ತಲುಪಿಸಲು ಹೊಸ ಸಂಶೋಧನೆಯೇನೂ ಬೇಕಿಲ್ಲ, ಸರ್ಕಾರದ ಒಂದು ಆದೇಶ ಮತ್ತು ತಾಲ್ಲೂಕಿಗೊಂದು ಸಂಖ್ಯೆ ಸಾಕು.