ಹುಟ್ಟದ ಕಾರಿನ ಲೆಕ್ಕ

ದಾಬಸ್‌ಪೇಟೆಯ ಕೂಡುರಸ್ತೆಯಿಂದ ಹೊರಡುವ ಒಂದು ಹೆದ್ದಾರಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಹಾಯ್ದು ಹೊಸೂರು ಸೇರುತ್ತದೆ. ಹೊಸೂರು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ್ದು. ಅದೇ ಜಿಲ್ಲೆಯಲ್ಲಿ ವರ್ಷಕ್ಕೆ 1,40,000 ವಿದ್ಯುತ್ ಕಾರುಗಳು ತಯಾರಾಗುತ್ತವೆಂದು ನಮಗೆ ಹೇಳಲಾಗಿತ್ತು. ಒಂದು ಕಾರೂ ತಯಾರಾಗಲಿಲ್ಲ.

ಹೇಳಿದವರು ದೂರದವರಲ್ಲ, ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪನಿಯವರು. ಫೋನಿನಲ್ಲಿ ಟ್ಯಾಕ್ಸಿ ಕರೆಸುವ ವ್ಯಾಪಾರದಿಂದ ಬೆಳೆದ ಮನೆತನ ಅದು. 2021ರ ಆಗಸ್ಟ್ 15ರಂದು ಸ್ಕೂಟರನ್ನು ಮುಂದಿಟ್ಟರು. ಮರುವರ್ಷ ಅದೇ ಸ್ವಾತಂತ್ರ್ಯ ದಿನದಂದು ಯಜಮಾನರಾದ ಭವೀಶ್ ಅಗರ್‌ವಾಲರು ಕಾರನ್ನೂ ಸಾರಿದರು: ಒಮ್ಮೆ ಚಾರ್ಜು ಮಾಡಿದರೆ 500 ಕಿಲೋಮೀಟರ್ ಓಡುತ್ತದೆ, ನಾಲ್ಕು ಸೆಕೆಂಡಿನಲ್ಲಿ ನೂರರ ವೇಗ ಮುಟ್ಟುತ್ತದೆ, ಚಾವಣಿ ಗಾಜಿನದು, ಬಾಗಿಲಿಗೆ ಹಿಡಿಕೆಯೂ ಇಲ್ಲ, 2024ಕ್ಕೆ ರಸ್ತೆಗೆ ಬರುತ್ತದೆ. (ಬಾಗಿಲಿಗೆ ಹಿಡಿಕೆ ಇಲ್ಲದಿರುವುದು ಏತರ ಹೆಚ್ಚುಗಾರಿಕೆಯೋ ನಮಗಿನ್ನೂ ತಿಳಿದಿಲ್ಲ.) 2023ರ ಫೆಬ್ರವರಿಯಲ್ಲಿ ತಮಿಳುನಾಡು ಸರ್ಕಾರದೊಡನೆ 7,614 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿಯಾಯಿತು. ಕಾರು, ಬ್ಯಾಟರಿಯ ಸೆಲ್, ಎಲ್ಲವೂ ಅದರಲ್ಲಿದ್ದವು.

2024 ಬಂತು. ಕಾರು ಬರಲಿಲ್ಲ, ಷೇರು ಬಂತು. ಕಂಪನಿ ಸಾರ್ವಜನಿಕರಿಗೆ ಷೇರು ಮಾರಲು ಹೊರಟ ಹೊತ್ತಿಗೆ ಕಾರಿನ ಯೋಜನೆಯನ್ನು ಪಕ್ಕಕ್ಕಿರಿಸಿ ದ್ವಿಚಕ್ರ ವಾಹನಕ್ಕೇ ಗಮನ ಕೊಡುವುದೆಂದು ತೀರ್ಮಾನವಾಯಿತು. ಆಗಸ್ಟಿನಲ್ಲಿ ಷೇರೊಂದಕ್ಕೆ 76 ರೂಪಾಯಿಯಂತೆ ಸುಮಾರು 6,145 ಕೋಟಿ ರೂಪಾಯಿಯ ಷೇರುಗಳು ಮಾರಾಟವಾದವು. 2025ರಲ್ಲಿ ಅದೇ ಷೇರು 50 ರೂಪಾಯಿಗಿಂತ ಕೆಳಗಿಳಿಯಿತು. ಆ ವರ್ಷದ ಮಾರ್ಚಿನಲ್ಲಿ, ಗುತ್ತಿಗೆಯವರೂ ಸೇರಿದಂತೆ ಸಾವಿರಕ್ಕೂ ಹೆಚ್ಚು ನೌಕರರನ್ನು ಕಂಪನಿ ಕೈಬಿಡುತ್ತಿದೆಯೆಂದು ಪತ್ರಿಕೆಗಳು ಬರೆದವು.

ಕಾರನ್ನು ಕೈಬಿಟ್ಟದ್ದಕ್ಕಾಗಿ ನಾವು ಕಂಪನಿಯನ್ನು ಬೈಯುವುದಿಲ್ಲ. ಆಗದ ಕೆಲಸವನ್ನು ಆಗದೆಂದು ಒಪ್ಪಿಕೊಳ್ಳುವುದು ತಪ್ಪಲ್ಲ. ಕಾರು ಮಾಡುವುದು ಫೋನು ಮಾಡಿದಂತಲ್ಲವೆಂಬುದು ಐಫೋನಿನ ಒಡೆಯರಾದ ಅಮೆರಿಕದ ಆಪಲ್ ಕಂಪನಿಗೂ ಅರ್ಥವಾಯಿತು; 2014ರಲ್ಲಿ ಗುಟ್ಟಾಗಿ ತೊಡಗಿದ ಕಾರಿನ ಕೆಲಸವನ್ನು ಹತ್ತು ವರ್ಷ ನಡೆಸಿ 2024ರ ಫೆಬ್ರವರಿಯಲ್ಲಿ ನಿಲ್ಲಿಸಿತು. ತಗಡು ಒತ್ತುವ ಅಚ್ಚು, ಬಣ್ಣದ ಮನೆ, ಡಿಕ್ಕಿ ಹೊಡೆಸಿ ನೋಡುವ ಪರೀಕ್ಷೆ, ಊರೂರಿಗೆ ರಿಪೇರಿಯ ವ್ಯವಸ್ಥೆ — ಇವೆಲ್ಲ ಭಾಷಣದಿಂದ ಆಗುವ ಕೆಲಸಗಳಲ್ಲ. ನಮ್ಮ ಬೆಂಗಳೂರಿನಲ್ಲೇ ಮೈನಿಯವರ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತ್ತು. ಎಷ್ಟೇ ಚಿಕ್ಕದಾಗಿದ್ದರೂ ಅದು ರಸ್ತೆಯ ಮೇಲೆ ಓಡಿತು.

ನಮ್ಮ ಪ್ರಶ್ನೆ ಬೇರೆ. ಆಪಲ್ ತನ್ನ ಕಾರನ್ನು ಯಾರ ಮುಂದೆಯೂ ಸಾರಿರಲಿಲ್ಲ. ಹೋದದ್ದು ಬಹುಮಟ್ಟಿಗೆ ಅದರದೇ ಗಂಟು. ಅಲ್ಲಿಯೂ ದುಡಿಯುವವನಿಗೆ ಏಟು ಬಿತ್ತು, ನಿಜ. ಆ ಕೆಲಸದಲ್ಲಿದ್ದ ಸುಮಾರು 2,000 ಮಂದಿಯಲ್ಲಿ ಅನೇಕರನ್ನು ಕೃತಕ ಬುದ್ಧಿಮತ್ತೆಯ ವಿಭಾಗಕ್ಕೆ ಕಳಿಸಿದರೂ, ಮುಂದಿನ ಕೆಲವೇ ವಾರಗಳಲ್ಲಿ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಆರುನೂರಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿತು. ಆದರೆ ಎಷ್ಟು ಮಂದಿಯೆಂದು ಸರ್ಕಾರಕ್ಕೆ ಮುಂಚಿತವಾಗಿ ಬರೆದು ಕೊಡಬೇಕೆಂಬ ಕಾನೂನು ಅಲ್ಲಿದೆ. ಆ ಸಂಖ್ಯೆ ಹೊರಬಿದ್ದದ್ದೇ ಹಾಗೆ.

ಇಲ್ಲಿ? ಇಲ್ಲಿ ಕಾರ್ಖಾನೆಗಿಂತ ಮೊದಲು ಡಂಗುರ ಬರುತ್ತದೆ. ಡಂಗುರ ಕೇಳಿದೊಡನೆ ಎಕರೆಯ ಬೆಲೆ ಏರುತ್ತದೆ. ಲೇತ್ ಇಟ್ಟವನು ಬ್ಯಾಂಕಿನ ಸಾಲ ಮಾಡಿ ಇನ್ನೊಂದು ಮೆಷೀನು ತರುತ್ತಾನೆ, ಕಾರಿನ ಬಿಡಿಭಾಗದ ಆರ್ಡರು ಬರುತ್ತದೆಂದು. ಮಗ ಐಟಿಐ ಸೇರುತ್ತಾನೆ. ಅಂಗಡಿಯವನು ಮಹಡಿ ಎಬ್ಬಿಸಿ ಬಾಡಿಗೆ ಕೋಣೆ ಕಟ್ಟುತ್ತಾನೆ. ಕೈಯಲ್ಲಿ ಹತ್ತಿಪ್ಪತ್ತು ಸಾವಿರವಿದ್ದ ಮಿಲ್ಲಿನ ಕಾರ್ಮಿಕನೂ ಈಗ ಫೋನಿನಲ್ಲೇ ಷೇರು ಕೊಳ್ಳುತ್ತಾನೆ. ಕಂಪನಿ 'ಗಮನ ಬದಲಿಸಿದ್ದೇವೆ' ಎಂದು ಒಂದು ಮಾತು ಹೇಳಿದರೆ ಅದರ ಕೆಲಸ ಮುಗಿಯಿತು. ಬ್ಯಾಂಕಿನವನು ಮಾತ್ರ ಗಮನ ಬದಲಿಸುವುದಿಲ್ಲ, ತಿಂಗಳ ಕಂತಿಗೆ ಬಂದು ನಿಲ್ಲುತ್ತಾನೆ.

ನಡೆಯುತ್ತಿರುವ ಕಾರ್ಖಾನೆಯನ್ನು ಮುಚ್ಚುವುದಕ್ಕಾದರೂ ಒಂದು ಕಾನೂನುಂಟು. ಅದನ್ನೂ ತೆಳುಮಾಡಿದ್ದಾರೆ: ಹಿಂದೆ 100 ಕಾರ್ಮಿಕರಿದ್ದ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು, 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದು 300ಕ್ಕೆ ಏರಿದೆ. ತೆರೆಯದೆಯೇ ಹೋದ ಕಾರ್ಖಾನೆಯ ವಿಷಯದಲ್ಲಿ, ಅದನ್ನು ನಂಬಿ ಸಾಲ ಮಾಡಿದವನು ಯಾವ ಕಚೇರಿಯ ಬಾಗಿಲು ತಟ್ಟಬೇಕು? ಅವನು ಅದರ ಕಾರ್ಮಿಕನಲ್ಲ, ಸಾಲಗಾರನಲ್ಲ, ಅರ್ಜಿದಾರನೂ ಅಲ್ಲ.

ಪರರಾಜ್ಯದ ಮಾತು ನಮಗೇಕೆಂದು ಕೆಲವರು ಕೇಳಬಹುದು. ಅದೇ ಹೆದ್ದಾರಿಯ ಮೇಲೆ ನಮ್ಮ ಜಿಲ್ಲೆಯಲ್ಲೇ, ದೇವನಹಳ್ಳಿಯ ಹತ್ತಿರ 300 ಎಕರೆ ಕೊಂಡು ಫಾಕ್ಸ್‌ಕಾನ್ ಕಂಪನಿ ಆಪಲ್‌ನ ಫೋನು ಜೋಡಿಸುತ್ತಿದೆ. ಆ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಯನ್ನು ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ಕೂರಬೇಕಾಯಿತು. 2025ರ ಜುಲೈಯಲ್ಲಿ ಸರ್ಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. ನಮ್ಮ ಸೋಂಪುರದ ಕೈಗಾರಿಕಾ ಪ್ರದೇಶಕ್ಕೂ ನಾಳೆ ಯಾರಾದರೂ ಡಂಗುರ ಹೊತ್ತು ಬರದಿರುವರೆ?

ಬಂದರೆ, ನಾವು ಕೇಳುವುದು ಇಷ್ಟು. ಎಷ್ಟು ಎಕರೆ, ಎಷ್ಟು ರಿಯಾಯಿತಿ, ಯಾವ ತಾರೀಖಿನೊಳಗೆ ಎಷ್ಟು ಖಾಯಂ ಕೆಲಸ ಎಂಬುದನ್ನು ಕನ್ನಡದಲ್ಲಿ ಅಚ್ಚುಮಾಡಿ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ರಿಯಾಯಿತಿಗೆ ಸಮನಾದ ಠೇವಣಿಯನ್ನು ಮೊದಲೇ ಇಡಿಸಿಕೊಳ್ಳಲಿ. ತಾರೀಖು ದಾಟಿದರೆ ಜಮೀನು ಹಿಂತಿರುಗಬೇಕು, ಠೇವಣಿ ಮುಟ್ಟುಗೋಲಾಗಬೇಕು. ಯೋಜನೆಯನ್ನು ಕೈಬಿಟ್ಟ ಕಂಪನಿಯ ಜವಾಬ್ದಾರಿಯುತ ಅಧಿಕಾರಿಯೊಬ್ಬರು ನೆಲಮಂಗಲದ ತಾಲೂಕು ಕಚೇರಿಯಲ್ಲಿ ಒಂದು ದಿನ ಕುಳಿತು, ಜನ ಕೇಳಿದ್ದಕ್ಕೆ ಎದುರೆದುರೇ ಉತ್ತರ ಹೇಳಬೇಕು. ಮುಂದಿನ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಈ ಷರತ್ತುಗಳನ್ನು ಅದರಲ್ಲಿ ಸೇರಿಸುವಂತೆ ನಮ್ಮ ಶಾಸಕರನ್ನೂ ಕೈಗಾರಿಕಾ ಸಚಿವರನ್ನೂ ಒತ್ತಾಯಿಸುತ್ತೇವೆ.