ದಪ್ಪ ಮೆತ್ತೆ ಹಾಕಿದರೆ ಟಾಂಗಾ ಕುದುರೆಗೆ ಬೆನ್ನು ಗಾಯ ಆಗುವುದಿಲ್ಲವೇ?

'ಜೀನಿನ ಕೆಳಗೆ ದಪ್ಪ ಮೆತ್ತೆ ಹಾಕಿದರೆ ಸಾಕು' ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ.

ಮೈಸೂರಿನ ಟಾಂಗಾದಂತಹ 2 ಚಕ್ರದ ಗಾಡಿಯಲ್ಲಿ ಭಾರದ ಒಂದು ಪಾಲು ಕುದುರೆಯ ಬೆನ್ನಿನ ಮೇಲಿರುವ ಜೀನಿನ ಮೇಲೆ ಬೀಳುತ್ತದೆ. ಅದನ್ನು ಬೆನ್ನುಮೂಳೆಯ ಎರಡೂ ಬದಿಯ ಸ್ನಾಯುಗಳು ಹೊರಬೇಕು. ಮೂಳೆಗೆ ಜೀನು ಒತ್ತಬಾರದು. ಜೀನೇ ಕಿರಿದಾಗಿದ್ದರೆ ಮೆತ್ತೆ ಸೇರಿಸಿದಷ್ಟೂ ಬಿಗಿ ಹೆಚ್ಚುತ್ತದೆ. ಬಿಗಿ ಶೂ ಒಳಗೆ ದಪ್ಪ ಸಾಕ್ಸ್ ಹಾಕಿದಂತೆ!

ಮೇವು, ಕೆಲಸ, ವಯಸ್ಸಿಗೆ ತಕ್ಕಂತೆ ಕುದುರೆಯ ಬೆನ್ನಿನ ಆಕಾರವೂ ಬದಲಾಗುತ್ತದೆ. ಹಾಗಾಗಿ ಅಗಲವನ್ನು ಹೆಚ್ಚು ಕಡಿಮೆ ಮಾಡಬಹುದಾದ, ಮೆತ್ತೆ ಬಿಚ್ಚಿ ತೊಳೆಯಬಹುದಾದ ಜೀನು ಒಳ್ಳೆಯದು.

ನಾವು ಹೇಳುವುದಿಷ್ಟೇ: ಗಾಯವಾಗಿದ್ದರೆ ಮೊದಲು ಗಾಡಿ ಬಿಚ್ಚಿ, ಪಶುವೈದ್ಯರಿಗೆ ತೋರಿಸಿ. ಆಮೇಲೆ ಜೀನಿನ ಅಳತೆ ನೋಡಿ. ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.